ಆರು ಕುಂಡ, ಇಪ್ಪತ್ತು ದಾರಿ

ಪಿಎಚ್‌ಡಿಯ ಎರಡನೇ ವರ್ಷ. ಉಪ್ಪುನೀರಿಗೆ ರಾಗಿ ಸಸಿ ಎಷ್ಟು ಕುಗ್ಗುತ್ತದೆ ಅಂತ ನೋಡುತ್ತಿದ್ದೆ. ಮೂರು ಕುಂಡಕ್ಕೆ ಉಪ್ಪುನೀರು, ಮೂರಕ್ಕೆ ಬರೀ ನೀರು, ಕುಂಡಕ್ಕೆ ಹತ್ತು ಸಸಿ. ಎತ್ತರ ಅಳೆದು, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಅನ್ನು ಎಕ್ಸೆಲ್‌ನಲ್ಲಿ ಮಾಡಿದೆ. 0.05ಕ್ಕಿಂತ ಕಡಿಮೆ ಬಂದರೆ ಸಾಕು ಅನ್ನೋದು ರೂಢಿ; ನನ್ನ ಪಿ-ಮೌಲ್ಯ 0.001ಕ್ಕಿಂತ ಕಡಿಮೆ! ಲ್ಯಾಬಿನವರಿಗೆಲ್ಲ ಟೀ ಕೊಡಿಸಿದೆ.

ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ತೋರಿಸಿದೆ.

“ಎನ್ ಎಷ್ಟಮ್ಮ?”

“ಮೂವತ್ತು, ಸರ್.” ಎನ್ ಅಂದರೆ ಒಂದೊಂದು ಗುಂಪಿನಲ್ಲಿ ಲೆಕ್ಕಕ್ಕೆ ಬರುವ ಮಾದರಿಗಳ ಸಂಖ್ಯೆ.

“ಉಪ್ಪುನೀರು ಹಾಕಿದ್ದು ಸಸಿಗೋ, ಕುಂಡಕ್ಕೋ?”

ಅಲ್ಲಿಗೆ ನನ್ನ ಮೂವತ್ತು ಹೋಗಿ ಬರೀ ಮೂರಾಯಿತು. ಒಂದೇ ಕುಂಡದ ಹತ್ತು ಸಸಿಗೆ ಮಣ್ಣೂ ಒಂದೇ, ಬಿಸಿಲೂ ಒಂದೇ. ಒಂದೇ ಮನೆಯ ಹತ್ತು ಜನರನ್ನು ಕೇಳಿ ಊರಿನವರ ಮಾತು ಅಂದ ಹಾಗಾಗಿತ್ತು. ಈ ತಪ್ಪಿಗೆ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲೇ ಒಂದು ಲೇಖನ ಬರೆದು ‘ಸ್ಯೂಡೊರೆಪ್ಲಿಕೇಷನ್’ (ಹುಸಿ ಪುನರಾವರ್ತನೆ) ಅಂತ ಹೆಸರಿಟ್ಟಿದ್ದರು. ಪರೀಕ್ಷೆಗೆ ಓದಿದ್ದೆ ಕೂಡ.

ಮೇಷ್ಟ್ರು ಆರು ಕುಂಡಗಳ ಸರಾಸರಿಯನ್ನು ಆರು ಚೀಟಿಯಲ್ಲಿ ಬರೆಸಿದರು. “ಉಪ್ಪಿನಿಂದ ಏನೂ ಆಗೇ ಇಲ್ಲ ಅಂದುಕೋ. ಆಗ ಯಾವ ಮೂರಕ್ಕೆ ‘ಉಪ್ಪು’ ಅನ್ನೋ ಹೆಸರು ಬಿತ್ತು ಅನ್ನೋದು ಬರೀ ಅದೃಷ್ಟ.” ಆರರಲ್ಲಿ ಮೂರನ್ನು ಆರಿಸಲು ಇರುವುದು 20 ದಾರಿ. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದೆ. ನನ್ನ ಫಲಿತಾಂಶದಲ್ಲಿ ಗಿಡ್ಡ ಮೂರೂ ಉಪ್ಪಿನವೇ. ಅದಕ್ಕಿಂತ ದೊಡ್ಡ ವ್ಯತ್ಯಾಸ ಸಾಧ್ಯವೇ ಇಲ್ಲ. ಆದರೂ ಅದರ ತಿರುವುಮುರುವನ್ನೂ (ಎತ್ತರದ ಮೂರೂ ಉಪ್ಪಿನವು) ಎಣಿಸಿದರೆ 20ರಲ್ಲಿ 2, ಅಂದರೆ ಪಿ-ಮೌಲ್ಯ 0.10. ಈ ಲೆಕ್ಕದಲ್ಲಿ ನಾನು 0.05ಕ್ಕಿಂತ ಕೆಳಗಿಳಿಯುವ ಮಾತೇ ಇರಲಿಲ್ಲ. ನಾಲ್ಕು ನಾಲ್ಕು ಕುಂಡ ಇಟ್ಟಿದ್ದರೆ 70 ದಾರಿ, 0.029! ಎರಡು ಕುಂಡದ ದುಡ್ಡು ಉಳಿಸಿದ್ದೆ. ಪಿ-ಮೌಲ್ಯ ಅಂದರೇನು ಅಂತ ನನಗೆ ಅರ್ಥವಾಗಿದ್ದು ಆ ಮಧ್ಯಾಹ್ನ.

ಇನ್ನೊಂದು ಎಡವಟ್ಟೂ ಹೊರಬಿತ್ತು. ನೀರು ಹಾಕಲು ಸುಲಭ ಅಂತ ಉಪ್ಪಿನ ಕುಂಡಗಳನ್ನೆಲ್ಲ ನೆರಳುಪರದೆಯ ಒಂದೇ ತುದಿಗೆ ಇಟ್ಟಿದ್ದೆ. ಮೊದಲೇ ಚೀಟಿ ಎತ್ತಿ ಹಂಚದಿದ್ದರೆ ಆಮೇಲೆ ಚೀಟಿ ಲೆಕ್ಕಕ್ಕೂ ಬಲವಿಲ್ಲ. ಕುಗ್ಗಿಸಿದ್ದು ಉಪ್ಪೋ ಬಿಸಿಲೋ, ಯಾರಿಗೆ ಗೊತ್ತು?

ಮುಂದಿನ ಸಲ 16 ಕುಂಡ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಹೊಲವನ್ನು ಬ್ಲಾಕುಗಳಾಗಿ (ಒಂದೇ ತರದ ನೆಲದ ತುಂಡುಗಳಾಗಿ) ಒಡೆಯಲು ಹೇಳಿಕೊಟ್ಟ ಹಾಗೆ, ಅಕ್ಕಪಕ್ಕದ ಎರಡೆರಡನ್ನು ಜೋಡಿ ಮಾಡಿ, ಯಾವುದಕ್ಕೆ ಉಪ್ಪು ಅಂತ ನಾಣ್ಯ ಚಿಮ್ಮಿದೆ. ಎಂಟು ಜೋಡಿ, 256 ದಾರಿ. ಈ ಸಲ ವ್ಯತ್ಯಾಸ ಮೊದಲಿಗಿಂತ ಕಡಿಮೆ ಬಂತು, ಆದರೆ ನಿಂತಿತು.

ಕರಡು ನೋಡಿದ ಗೈಡ್ ಮೇಡಂ ಕೇಳಿದರು: “160 ಸಸಿ ಅಳೆದು 8 ಅಂತ ಬರೆದಿದ್ದೀಯಲ್ಲ?” ಬ್ಯಾಗಿನಿಂದ ಆ ಆರು ಚೀಟಿ ತೆಗೆದೆ.