ಪ್ರಶ್ಯನ್ ಬ್ಲೂ: ಸಾಸಿವೆ ಕಾಳಿನಷ್ಟು ಸಾಕು

ಪ್ರಶ್ಯನ್ ಬ್ಲೂ ಎಂಬ ಎಣ್ಣೆ ಬಣ್ಣದ ಟ್ಯೂಬನ್ನು ಮೊದಲ ಸಲ ಹಿಂಡಿದವರಿಗೆ ಅದು ಕಪ್ಪು ಬಣ್ಣ ಅನ್ನಿಸಿಬಿಡುತ್ತದೆ. ಪ್ಯಾಲೆಟ್ ಮೇಲೆ ಗುಡ್ಡೆಯಾಗಿ ಕೂತಾಗ ನೀಲಿ ಕಾಣುವುದೇ ಇಲ್ಲ. ಪ್ಯಾಲೆಟ್ ನೈಫಿನಿಂದ ತೆಳ್ಳಗೆ ಎಳೆದು ನೋಡಿ. ಆಗ ಒಳಗಿದ್ದ ನೀಲಿ ಹೊರಗೆ ಬರುತ್ತದೆ. ದೀಪ ಹಚ್ಚುವ ಹೊತ್ತಿನ ಆಕಾಶದ ನೀಲಿ, ತುಸು ಹಸಿರಿನ ಕಡೆ ವಾಲಿದ್ದು.

ಇದು ಹುಟ್ಟಿದ್ದು ಬರ್ಲಿನ್‌ನಲ್ಲಿ, 1700ರ ದಶಕದ ಮೊದಲ ವರ್ಷಗಳಲ್ಲಿ. ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಮಾಡಲು ಹೊರಟಿದ್ದನಂತೆ. ಅವನು ಬಳಸಿದ ಕ್ಷಾರೀಯ ಉಪ್ಪಾದ ಪೊಟ್ಯಾಷ್‌ನಲ್ಲಿ ಪ್ರಾಣಿಗಳಿಂದ ತೆಗೆದ ಎಣ್ಣೆಯ ಅಂಶ ಸೇರಿಕೊಂಡಿತ್ತು. ಕೆಂಪು ಬರಬೇಕಾದಲ್ಲಿ ಗಾಢ ನೀಲಿ ಬಂತು. ಅಲ್ಲಿಯವರೆಗೆ ಯುರೋಪಿನಲ್ಲಿ ಅತ್ಯುತ್ತಮ ನೀಲಿ ಬೇಕೆಂದರೆ ಅಫ್ಘಾನಿಸ್ತಾನದ ಲ್ಯಾಪಿಸ್ ಕಲ್ಲನ್ನೇ ಅರೆಯಬೇಕಿತ್ತು. ಅದು ಎಲ್ಲರ ಕೈಗೆಟಕುವ ಬೆಲೆಯದ್ದಲ್ಲ. ಈ ಹೊಸ ನೀಲಿ ಅಗ್ಗವಾಗಿತ್ತು. ಸುಮಾರು 1831ರಲ್ಲಿ ಜಪಾನಿನ ಕಲಾವಿದ ಹೊಕುಸಾಯಿ ಮಾಡಿದ ಆ ದೊಡ್ಡ ಅಲೆಯ ಚಿತ್ರ ನೋಡಿದ್ದೀರಲ್ವಾ? ಅದರಲ್ಲೂ ಇದೇ ನೀಲಿ ಇದೆ.

ಕೊಳ್ಳುವಾಗ ಟ್ಯೂಬಿನ ಹಿಂಭಾಗ ಓದಿ. ಪಿಬಿ 27 ಎಂಬ ವರ್ಣದ್ರವ್ಯದ ಸಂಕೇತವಿದ್ದರೆ ಅಸಲಿ. ಹೆಸರಿನ ಜೊತೆ 'ಹ್ಯೂ' ಎಂದಿದ್ದರೆ ಅದು ಬೇರೆ ಬಣ್ಣಗಳನ್ನು ಬೆರೆಸಿ ಮಾಡಿದ್ದು, ಸಾಮಾನ್ಯವಾಗಿ ಥ್ಯಾಲೋ ಎಂಬ ಇನ್ನೊಂದು ನೀಲಿಯಿಂದ. ಕೆಟ್ಟದ್ದೇನಲ್ಲ, ಆದರೆ ಅದರ ಗುಣ ಬೇರೆ.

ಇನ್ನು ಬೆರೆಸುವುದು. ಎಲ್ಲರೂ ಎಡವುವುದು ಇಲ್ಲೇ. ನೀಲಿಗೆ ಬಿಳಿ ಸೇರಿಸುತ್ತಾ ಹೋಗಬೇಡಿ. ಮೊದಲ ಆಕಾಶಕ್ಕೆ ನಾನು ಹಾಗೇ ಮಾಡಿದ್ದೆ. ಎಷ್ಟು ಬಿಳಿ ಹಾಕಿದರೂ ಬಣ್ಣ ತಿಳಿಯಾಗಲಿಲ್ಲ, ಬಿಳಿ ಟ್ಯೂಬು ಮಾತ್ರ ಅರ್ಧ ಖಾಲಿಯಾಯಿತು. ಮೊದಲು ಬಿಳಿಯನ್ನು ದೊಡ್ಡ ನೆಲ್ಲಿಕಾಯಿಯಷ್ಟು ಇಟ್ಟುಕೊಳ್ಳಿ. ನೈಫಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ತೆಗೆದು, ಒಂದು ಗೆರೆಯೂ ಉಳಿಯದಂತೆ ಚೆನ್ನಾಗಿ ಕಲಸಿ. ಸಾಲದಿದ್ದರೆ ಇನ್ನೊಂದು ಸಾಸಿವೆ. ಅವಸರ ಬೇಡ.

ಹಸಿರು ಬೇಕಿದ್ದರೂ ಇದೇ ರೀತಿ, ಹಳದಿಗೆ ನೀಲಿ ಸೇರಿಸಿ. ಯೆಲ್ಲೋ ಓಕರ್ (ಮಣ್ಣಿನ ಹಳದಿ) ಜೊತೆ ಬರುವ ಮಾಗಿದ ಹಸಿರು ನನಗೆ ತುಂಬಾ ಇಷ್ಟ, ಹಲಸಿನ ಎಲೆಗೆ ಹೇಳಿ ಮಾಡಿಸಿದ್ದು. ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಜೊತೆ ಸೇರಿದರೆ ಕಪ್ಪಿಗೆ ಹತ್ತಿರದ ನೆರಳು ಸಿಗುತ್ತದೆ. ಟ್ಯೂಬಿನ ಕಪ್ಪಿಗಿಂತ ಇದರಲ್ಲಿ ಜೀವ ಜಾಸ್ತಿ.

ಇದು ಪಾರದರ್ಶಕ ಬಣ್ಣ, ಹಾಗಾಗಿ ಕೆಳಗಿನ ಬಣ್ಣ ಕಾಣುವಂತೆ ಮೇಲೆ ಹಚ್ಚುವ ತೆಳು ಪದರಕ್ಕೆ, ಅಂದರೆ ಗ್ಲೇಜ್‌ಗೆ ಒಳ್ಳೆಯದು. ಕೆಳಗಿನ ಪದರ ಪೂರ್ತಿ ಒಣಗಿರಲಿ. ಲಿನ್‌ಸೀಡ್ ಎಣ್ಣೆ ಬೆರೆಸಿ ತೀರಾ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಣ್ಣ ಬೇಗ ಒಣಗುತ್ತದೆ, ತಿದ್ದುವುದಿದ್ದರೆ ಅದೇ ದಿನ ತಿದ್ದಿಬಿಡಿ.

ಎರಡು ದೌರ್ಬಲ್ಯ ಗೊತ್ತಿರಲಿ. ಗಾಢವಾಗಿ ಹಚ್ಚಿದಲ್ಲಿ ಬಣ್ಣ ಚೆನ್ನಾಗಿ ಉಳಿಯುತ್ತದೆ. ಬಿಳಿ ಜಾಸ್ತಿ ಬೆರೆಸಿದ ತಿಳಿ ನೀಲಿ ಮಾತ್ರ ಬೆಳಕಿಗೆ ಮಾಸಬಹುದು. 18ನೇ ಶತಮಾನದ ಕೆಲವು ಚಿತ್ರಗಳಲ್ಲಿ ಹೀಗೆ ಆಗಿದೆ. ಅಂಥ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಇನ್ನೊಂದು, ಇದಕ್ಕೆ ಸುಣ್ಣದಂಥ ಕ್ಷಾರ ಆಗಿಬರುವುದಿಲ್ಲ. ಹಸಿ ಸುಣ್ಣದ ಗೋಡೆಗೆ ಹಚ್ಚಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಮನೆಗಳಲ್ಲಿ ಸುಣ್ಣಕ್ಕೆ ಹಾಕುತ್ತಿದ್ದ ನೀಲಿ ಪುಡಿ ಬೇರೆ ಜಾತಿಯದ್ದು. ಅದು ಅಲ್ಟ್ರಾಮರೀನ್, ಸುಣ್ಣವನ್ನು ತಡೆದುಕೊಳ್ಳುತ್ತದೆ.

ಕೊನೆಗೆ ಬ್ರಷ್. ಸುಮ್ನೆ ಒರೆಸಿಟ್ಟರೆ ಕೂದಲಿನ ಬುಡದಲ್ಲಿ ನೀಲಿ ಉಳಿದು, ಮರುದಿನದ ಹಳದಿಯನ್ನು ಹಸಿರು ಮಾಡುತ್ತದೆ. ಮೊದಲು ಎಣ್ಣೆಯಲ್ಲಿ ಅದ್ದಿ ಹಳೇ ಬಟ್ಟೆಗೆ ಒರೆಸಿ. ಆಮೇಲೆ ಅಂಗೈಯಲ್ಲಿ ಸೋಪು ಹಾಕಿ ಉಜ್ಜಿ. ನೊರೆ ಬೆಳ್ಳಗಾಗುವವರೆಗೂ ತೊಳೆಯಿರಿ. ಆದರೆ ಈ ನೀಲಿಗೆ ಒಂದು ಬ್ರಷ್ಷನ್ನು ಬೇರೆಯೇ ಇಟ್ಟುಬಿಡುವುದು ಇನ್ನೂ ಒಳ್ಳೆಯದು.