ಎರಡೂ ತೂತಿನಲ್ಲಿ ಟೆಸ್ಟರ್ ಉರಿದಾಗ

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಗಳಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಮಳೆಗಾಲದಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಯೆಂದರೆ ನ್ಯೂಟ್ರಲ್ ತಂತಿಯ, ಅಂದರೆ ಕರೆಂಟ್ ಹಿಂದಿರುಗುವ ತಂತಿಯ, ಜಾಯಿಂಟ್ ಕೆಡುವುದು. ಕರೆಂಟ್ ತರುವ ಫೇಸ್ ತಂತಿ ಕಡಿದರೆ ಟೆಸ್ಟರ್ ಉರಿಯುವುದಿಲ್ಲ, ದೋಷ ಬೇಗ ತಿಳಿಯುತ್ತದೆ. ನ್ಯೂಟ್ರಲ್ ಕಡಿದರೆ ದೀಪವೂ ಫ್ಯಾನೂ ನಿಲ್ಲುತ್ತವೆ, ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚು ಬೀಳುವುದಿಲ್ಲ, ಆದರೂ ಪ್ಲಗ್ಗಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿಯುತ್ತದೆ.

ಕಳೆದ ಮಳೆಗಾಲದಲ್ಲಿ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ಜಗುಲಿಯ ದೀಪ ಸರಿಯಾಗಿತ್ತು, ನಡುಮನೆಯಿಂದ ಒಳಗೆ ಎಲ್ಲವೂ ನಿಂತಿತ್ತು. "ಎರಡು ಫೇಸ್ ಸೇರಿಕೊಂಡಿದೆ ಮಾರಾಯ್ರೆ" ಎಂದರು ಯಜಮಾನರು. ಹಾಗೆ ಸೇರಿದ್ದರೆ ಎರಡು ತೂತುಗಳ ನಡುವೆ ಮೀಟರು ಸುಮಾರು 400 ವೋಲ್ಟ್ ತೋರಿಸಬೇಕಿತ್ತು. ಅಲ್ಲಿ ಹೆಚ್ಚುಕಡಿಮೆ ಸೊನ್ನೆಯಿತ್ತು. ಫೇಸ್ ಮತ್ತು ನೆಲಕ್ಕೆ ಸೇರುವ ಅರ್ಥಿಂಗ್ ತಂತಿಯ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆಯೂ ಅಷ್ಟೇ. ಫ್ರಿಜ್ಜಿನ ಪ್ಲಗ್ ತೆಗೆದು, ಒಳಗಿನ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿಸಿದೊಡನೆ ಈ ಕೊನೆಯ ಅಳತೆ ಕುಸಿಯಿತು. ಫ್ರಿಜ್ಜು, ಬಲ್ಬುಗಳ ಒಳಗಿನಿಂದ ಹಾದ ಫೇಸ್, ಹಿಂದಿರುಗಲು ದಾರಿಯಿಲ್ಲದೆ ನ್ಯೂಟ್ರಲ್ ತಂತಿಯಲ್ಲೇ ನಿಂತಿತ್ತೆಂಬುದು ಇದರಿಂದ ಖಚಿತವಾಯಿತು. ಇಂಥ ಹೊತ್ತಿನಲ್ಲಿ ನ್ಯೂಟ್ರಲ್ಲೆಂದು ನಂಬಿ ತಂತಿ ಮುಟ್ಟಿದವರಿಗೆ ಜೀವಕ್ಕೇ ಅಪಾಯ.

ಹಳೆಯ ವೈರಿಂಗಿನಲ್ಲಿ ನ್ಯೂಟ್ರಲ್ ಒಂದು ಪಾಯಿಂಟಿನಿಂದ ಮುಂದಿನದಕ್ಕೆ ಹೋಗುವುದರಿಂದ, ಕೊನೆಯದಾಗಿ ಕೆಲಸ ಮಾಡುತ್ತಿರುವ ಪಾಯಿಂಟಿಗೂ ಮೊದಲು ಸತ್ತಿರುವ ಪಾಯಿಂಟಿಗೂ ನಡುವೆ ಹುಡುಕಿದರೆ ಸಾಕು. ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಮೀಟರಿನಲ್ಲಿ ಖಾತ್ರಿಪಡಿಸಿಕೊಂಡು, ಅಟ್ಟದ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ್ದ ನ್ಯೂಟ್ರಲ್ ಜಾಯಿಂಟ್ ಅಲ್ಲಿತ್ತು; ಟೇಪು ಅಂಟಂಟಾಗಿ ಜಾರಿತ್ತು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು, ಇನ್ಸುಲೇಷನ್ ಒಂದಿಂಚು ಉದ್ದಕ್ಕೂ ಸುಟ್ಟು ಕಪ್ಪಾಗಿತ್ತು. ದೀಪದ ಲೈನಿನಿಂದಲೇ ಅಡುಗೆಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಿಗೆ ಸಂಪರ್ಕ ಕೊಟ್ಟಿದ್ದರಿಂದ ತೇವ ತಿಂದ ಆ ಜಾಯಿಂಟ್ ಬಿಸಿಯಾಗಿ ಬಿಟ್ಟುಕೊಂಡಿತ್ತು.

ಅಷ್ಟರಲ್ಲಿ ನೆರೆಮನೆಯವರು, ಸದ್ಯಕ್ಕೆ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಸೇರಿಸಿಬಿಡಿ ಎಂದರು. ದೀಪವೇನೋ ಉರಿಯುತ್ತದೆ, ಆದರೆ ಮುಂದೆ ಅರ್ಥಿಂಗ್ ತಂತಿ ಎಲ್ಲಾದರೂ ಕಡಿದರೆ ಫ್ರಿಜ್ಜು, ಗೀಸರಿನ ಮೈಗೇ ಕರೆಂಟ್ ಬರುತ್ತದೆ. ನಾನು ಅದನ್ನು ಯಾರಿಗೂ ಮಾಡಿಕೊಡುವುದಿಲ್ಲ.

ಹೊಳೆಯುವ ತಾಮ್ರ ಕಾಣುವವರೆಗೆ ಎರಡೂ ತುದಿಗಳನ್ನು ಕತ್ತರಿಸಿ, ತಿರುಪು ಬಿಗಿಯುವ ಕನೆಕ್ಟರಿನಲ್ಲಿ ಸೇರಿಸಿದೆ. ಅಡುಗೆಮನೆಯ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆದು, ಅದಕ್ಕೆ ಪ್ರತ್ಯೇಕ ಎಂಸಿಬಿ ಹಾಕಿದೆ. ಸಡಿಲ ಜಾಯಿಂಟ್ ಖಾಲಿ ಲೈನಿನಲ್ಲಿ ಪೂರ್ತಿ ವೋಲ್ಟೇಜನ್ನೇ ತೋರಿಸಬಲ್ಲದಾದ್ದರಿಂದ, ನಡುಮನೆಯ ದೀಪ, ಫ್ಯಾನು, ಅಡುಗೆಮನೆಯ ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಎರಡೂ ಲೈನುಗಳನ್ನು ಅಳೆದೆ. ಮೇನ್ ಬೋರ್ಡಿಗೂ ಅವುಗಳಿಗೂ ಒಂದೆರಡು ವೋಲ್ಟಿನ ವ್ಯತ್ಯಾಸವಷ್ಟೇ ಇತ್ತು.