ಮುಖಕ್ಕೆ ತುಂಬಿದ ಕೊಬ್ಬು ಉಳಿಯುವಂತೆ ಮಾಡಿದ ಬಗೆ: ನನ್ನ ಅನುಭವ

ಪ್ಯಾರಿ-ರಾಂಬರ್ಗ್ ಕಾಯಿಲೆಯಿಂದ ಮುಖದ ಒಂದು ಬದಿ ಬತ್ತಿದವರಿಗೆ ಅವರದೇ ಹೊಟ್ಟೆ, ತೊಡೆಯ ಕೊಬ್ಬನ್ನು ತೆಗೆದು ತುಂಬಿದರೆ ಆರು ತಿಂಗಳಲ್ಲಿ ಎಲ್ಲವೂ ಕರಗುತ್ತದೆ, ಫ್ಲ್ಯಾಪ್ (ರಕ್ತನಾಳ ಸಮೇತ ಅಂಗಾಂಶದ ತುಂಡನ್ನೇ ತಂದು ಕೂರಿಸುವುದು) ಒಂದೇ ದಾರಿ ಎಂದು ಹುಬ್ಬಳ್ಳಿಯ ಹಿರಿಯ ಸಹೋದ್ಯೋಗಿಗಳು ಹೇಳುತ್ತಲೇ ಬಂದಿದ್ದರು. ಈಗ ಎರಡು ವರ್ಷ ದಾಟಿದ ನನ್ನ ರೋಗಿಗಳ ಫೋಟೋಗಳನ್ನು ನೋಡಿದ ಮೇಲೆ ಅವರಲ್ಲೇ ಕೆಲವರು ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ.

ಮೊದಲ ವರ್ಷಗಳಲ್ಲಿ ಅವರ ಮಾತೇ ನಿಜವಾಗುವಂತೆ ಕಾಣುತ್ತಿತ್ತು. ಕೊಬ್ಬನ್ನು ಸಕ್ಷನ್ ಯಂತ್ರದಿಂದ ಹೀರಿ ತೆಗೆದು, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಕೋಲ್‌ಮನ್ ಹೇಳಿದಂತೆ ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ ತಿರುಗಿಸಿ, 3 ಮಿ.ಲೀ. ಸಿರಿಂಜಿನಿಂದ ತುಂಬಿದ ಕೆನ್ನೆಗಳಲ್ಲಿ ಆರನೆಯ ತಿಂಗಳಿಗೆ ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗ ಉಳಿದಿರುತ್ತಿತ್ತು. ಕೆಲವರಲ್ಲಿ ಎಣ್ಣೆಗಂಟುಗಳೂ ಆದವು. ಆಮೇಲೆ ಕೊಬ್ಬು ಹೊರಗಿನ ಗಾಳಿಗೆ ತೆರೆದುಕೊಳ್ಳದಂತೆ ಶುದ್ಧಗೊಳಿಸುವ, ಮುಚ್ಚಿದ ವ್ಯವಸ್ಥೆಯ ಕಿಟ್ ಬಳಸಿದೆ. ಅದಕ್ಕೆ ಒಬ್ಬರಿಗೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ ತಗಲುತ್ತಿತ್ತು, ಫಲಿತಾಂಶದಲ್ಲಿ ಮಾತ್ರ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ಗದಗ, ಕೊಪ್ಪಳದ ಕಡೆಯಿಂದ ಬರುವ ಕೂಲಿಯವರ ಮನೆಯ ಹುಡುಗಿಯರಿಗೆ ಎರಡು ಮೂರು ಸರದಿ ಬೇಕಾಗುವ ಚಿಕಿತ್ಸೆಯಲ್ಲಿ ಇಂಥ ಖರ್ಚನ್ನು ಹೇರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಯಂತ್ರ ಮತ್ತು ಕಿಟ್ ಎರಡನ್ನೂ ಬಿಟ್ಟೆ. ಈಗ ಸಣ್ಣ ರಂಧ್ರಗಳ ಕ್ಯಾನ್ಯುಲಾಕ್ಕೆ (ತೆಳುವಾದ ಟೊಳ್ಳು ಕೊಳವೆಗೆ) 10 ಮಿ.ಲೀ. ಸಿರಿಂಜ್ ಜೋಡಿಸಿ, ಪ್ಲಂಜರನ್ನು ಒಂದೆರಡು ಮಿ.ಲೀ.ಗಿಂತ ಹೆಚ್ಚು ಎಳೆಯದೆ ಕೊಬ್ಬು ತೆಗೆಯುತ್ತೇನೆ. ಸಿರಿಂಜನ್ನು ನಿಲ್ಲಿಸಿ ಕೆಳಗಿಳಿದ ದ್ರವವನ್ನು ಚೆಲ್ಲಿ, ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣದಲ್ಲಿ ಮೆಲ್ಲನೆ ತೊಳೆದು, ಮೇಲೆ ತೇಲುವ ಎಣ್ಣೆಯನ್ನು ಗಾಜ್ ಬಟ್ಟೆಯಿಂದ ಹೀರಿಸುತ್ತೇನೆ. ಸಿರಿಂಜಿಗೆ ತುಂಬುವ ಮುನ್ನ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಆಪರೇಷನ್ ಥಿಯೇಟರಿಗೆ ಬಂದ ವೈದ್ಯರಿಗೆ ತೋರಿಸುತ್ತೇನೆ.

ನಿಜವಾದ ಗೆಲುವು ಇರುವುದು ತುಂಬುವ ಕೈಯಲ್ಲಿ. 1 ಮಿ.ಲೀ. ಸಿರಿಂಜಿನಲ್ಲಿ, ಮೊಂಡು ಕ್ಯಾನ್ಯುಲಾವನ್ನು ಹಿಂದಕ್ಕೆ ಎಳೆಯುವಾಗ ಮಾತ್ರ, ಕೂರಿಗೆಯಿಂದ ಕಾಳು ಬೀಳುವ ಹಾಗೆ ತೆಳುವಾಗಿ, ಒಂದು ಎಳೆತಕ್ಕೆ ಒಂದು ಮಿ.ಲೀ.ಯನ್ನು ಇಪ್ಪತ್ತರಿಂದ ಮೂವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲನ್ನಷ್ಟೇ ಬಿಡುತ್ತೇನೆ. ಮೂಳೆಯ ಮೇಲಿನಿಂದ ಚರ್ಮದ ಕೆಳಗಿನವರೆಗೆ ಪದರ ಪದರವಾಗಿ, ಬೇರೆ ಬೇರೆ ದಿಕ್ಕಿನಿಂದ. ಒಂದು ಕೆನ್ನೆಗೆ 15 ಮಿ.ಲೀ. ತುಂಬಲು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಅರಿವಳಿಕೆ ವೈದ್ಯರು ಬೇಸರಪಡುತ್ತಾರೆ, ಆದರೂ ಅವಸರಿಸುವುದಿಲ್ಲ. ಚರ್ಮ ಬಿಗಿದು ಬಿಳಿಚಿಕೊಳ್ಳುವ ಮೊದಲೇ ನಿಲ್ಲಿಸುತ್ತೇನೆ. ಕರಗುತ್ತದೆಂದು ಹೆಚ್ಚು ತುಂಬುವ ಪದ್ಧತಿಯನ್ನು ಪೂರ್ತಿ ಬಿಟ್ಟು, ನಾಲ್ಕರಿಂದ ಆರು ತಿಂಗಳ ನಂತರ ಎರಡನೆಯ ಸರದಿ ಮಾಡುತ್ತೇನೆ. ಹುಬ್ಬುಗಳ ನಡುವೆ ಚೂಪು ಸೂಜಿಯನ್ನು ಎಂದಿಗೂ ಬಳಸುವುದಿಲ್ಲ. ಅಲ್ಲಿ ಕೊಬ್ಬು ರಕ್ತನಾಳಕ್ಕೆ ಸೇರಿದರೆ ಕಣ್ಣೇ ಹೋಗಬಹುದು. ನನ್ನ ಅಂದಾಜಿನಲ್ಲಿ ಈಗ ಕೆನ್ನೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ತುಟಿಯಲ್ಲಿ ಇಂದಿಗೂ ಅಷ್ಟು ಉಳಿಯುವುದಿಲ್ಲ.

ನಡುವೆ ಪಿಆರ್‌ಪಿ (ರೋಗಿಯ ರಕ್ತದಿಂದಲೇ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಬೆರೆಸಿಯೂ ನೋಡಿದೆ. ಬಾವು ಬೇಗ ಇಳಿದಂತೆ ತೋರಿತು, ಗಾತ್ರ ಹೆಚ್ಚು ಉಳಿಯಲಿಲ್ಲ. ಮೂರು ನಾಲ್ಕು ಸಾವಿರದ ಹೆಚ್ಚುವರಿ ಖರ್ಚು ಬೇಡವೆಂದು ಕೈಬಿಟ್ಟೆ. ಮಿಕ್ಕ ಕೊಬ್ಬನ್ನು ಫ್ರೀಜರಿನಲ್ಲಿಟ್ಟು ಎರಡನೆಯ ಸರದಿಗೆ ಬಳಸಬಹುದೇ ಎಂದು ಪರಿಚಯದ ಲ್ಯಾಬಿನಲ್ಲಿ ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರೈಪಾನ್ ಬ್ಲೂ ಬಣ್ಣ ಹಾಕಿಸಿ ನೋಡಿದಾಗ ಬಹುಪಾಲು ಕೋಶಗಳು ಸತ್ತಿದ್ದವು, ಹಾಗಾಗಿ ಅದನ್ನು ಯಾರಿಗೂ ಕೊಡಲಿಲ್ಲ. ಬೆಲ್ಜಿಯಂನ ಪ್ಲಾಸ್ಟಿಕ್ ಸರ್ಜನ್ ಟೊನಾರ್ 2013ರಲ್ಲಿ ವಿವರಿಸಿದ ನ್ಯಾನೋಫ್ಯಾಟ್ (ಕೊಬ್ಬನ್ನು ನುಣ್ಣಗೆ ಒಡೆದು ಸೋಸಿದ ದ್ರವ) ಮಾತ್ರ ಸುಟ್ಟ ಕಲೆಗಳ ಮೇಲೆ ನನಗೆ ತುಂಬ ತೃಪ್ತಿ ಕೊಟ್ಟಿದೆ: ಗಾತ್ರ ಬರುವುದಿಲ್ಲ, ಆದರೆ ಚರ್ಮ ಮೆದುವಾಗುತ್ತದೆ.

ಕೊಬ್ಬು ತುಂಬುವ ಮುನ್ನ ಕಾಯಿಲೆ ಕನಿಷ್ಠ ಒಂದು ವರ್ಷ ಹರಡದೆ ನಿಂತಿರಬೇಕು. ಬೀಡಿ, ಗುಟ್ಕಾ ತಿಂಗಳ ಮೊದಲೇ ನಿಲ್ಲಬೇಕು. ತೂಕದ ಕಡೆಗೂ ಗಮನವಿರಲಿ. ಹೊಟ್ಟೆಯಿಂದ ಬಂದ ಕೊಬ್ಬು ಕೆನ್ನೆಯಲ್ಲಿಯೂ ಹೊಟ್ಟೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ಹೆರಿಗೆಯ ನಂತರ ಹತ್ತು ಹನ್ನೆರಡು ಕಿಲೋ ಏರಿದ ಒಬ್ಬರಲ್ಲಿ ಕಸಿಯಾದ ಬದಿಯೇ ದೊಡ್ಡದಾಯಿತು. ಆಗಿನಿಂದ ಸಾಧ್ಯವಾದಲ್ಲೆಲ್ಲ ತೊಡೆಯ ಒಳಭಾಗದಿಂದ ಕೊಬ್ಬು ತೆಗೆಯುತ್ತೇನೆ ಮತ್ತು ಪ್ರತಿ ಭೇಟಿಯಲ್ಲೂ ರೋಗಿಯ ತೂಕವನ್ನು ಚೀಟಿಯಲ್ಲಿ ಬರೆಸುತ್ತೇನೆ.